ಹುಲಿ ನೋಡುವ ಹಾದಿಯಲ್ಲೊಬ್ಬ ದೊಡ್ಡಣ್ಣ

ಶಿವಮೊಗ್ಗೆಯಿಂದ ಸಾಗರದ ರಸ್ತೆ ಹಿಡಿದು ಸುಮಾರು ಹತ್ತು ಕಿಲೋಮೀಟರ್ ಸಾಗಿದರೆ ತ್ಯಾವರೆಕೊಪ್ಪ. 1988ರಲ್ಲಿ ಇಲ್ಲಿ ಹುಲಿ-ಸಿಂಹ ಧಾಮ ಆರಂಭವಾದಂದಿನಿಂದ ಶಾಲಾ ಪ್ರವಾಸದ ಬಸ್ಸುಗಳು ಇಲ್ಲಿ ನಿಲ್ಲದೆ ಮುಂದೆ ಹೋಗುವುದು ಅಪರೂಪ. ಮಕ್ಕಳು ಸಿಂಹ ಕಂಡು ಕೂಗಿ, ಬುತ್ತಿ ಬಿಚ್ಚಿ ಉಂಡು, ಜೋಗದತ್ತ ಹೊರಡುತ್ತಾರೆ. ಸಿಂಹ ಮಲೆನಾಡಿನ ಪ್ರಾಣಿಯಲ್ಲ. ಅದರ ವಂಶ ಹೊರಗಿನಿಂದ ಬಂದದ್ದು. ಅದೇ ರಸ್ತೆಯಲ್ಲಿ ಆಯನೂರು, ಕುಂಸಿಯ ಕಡೆ ನಡೆದರೆ, ಹಾಗೆಯೇ ಬೇರೆ ನೆಲದಿಂದ ಬಂದು ನೆಲೆನಿಂತ ಮನುಷ್ಯರು ಸಿಗುತ್ತಾರೆ. ಅವರನ್ನು ನೋಡಲು ಯಾವ ಬಸ್ಸೂ ನಿಲ್ಲುವುದಿಲ್ಲ.

ಲಿಂಗನಮಕ್ಕಿ ಅಣೆಕಟ್ಟು ಮುಗಿದದ್ದು 1964ರಲ್ಲಿ. ಸಮುದ್ರಮಟ್ಟದಿಂದ 1,819 ಅಡಿಯವರೆಗೆ ನೀರು ನಿಲ್ಲುವ ಜಲಾಶಯವದು. ಸಾಗರ, ಹೊಸನಗರ ಸೀಮೆಯ ಗದ್ದೆ, ತೋಟ, ಗುಡಿಗಳು ಅದರಡಿಗೆ ಹೋದವು. ನಾ. ಡಿಸೋಜರ ‘ಮುಳುಗಡೆ’, ‘ದ್ವೀಪ’ ಓದಿದವರಿಗೆ ಈ ಕತೆ ಹೊಸದಲ್ಲ. ಒಕ್ಕಲೆದ್ದವರು ಪಾತ್ರೆಪಗಡ, ದನಕರು ಸಮೇತ ಲಾರಿಗಳಲ್ಲಿ ಬಂದು ಕಾಡಂಚಿನಲ್ಲಿ ಇಳಿದರು.

ಹಾಗೆ ಇಳಿದ ಒಂದು ಮನೆಯ ಹಿರಿಮಗನಿಗೆ ಆಗ ಹದಿನೇಳು ವರ್ಷ. ಅಪ್ಪ ಹೊಸ ಊರಿಗೆ ಮೈ ಒಗ್ಗಿಸಿಕೊಳ್ಳಲಾರದೆ ಬೇಗ ತೀರಿಕೊಂಡರು. ಪುಸ್ತಕ ಕಟ್ಟಿಟ್ಟು ಕತ್ತಿ ಹಿಡಿದ ಈ ಹುಡುಗನೇ ಇಬ್ಬರು ತಮ್ಮಂದಿರಿಗೂ ಒಬ್ಬ ತಂಗಿಗೂ ‘ದೊಡ್ಡಣ್ಣ’ನಾದ. ಬಿದಿರುಮೆಳೆ ಕಡಿದ, ಒಡ್ಡು ಕಟ್ಟಿದ, ಕಾಡುಹಂದಿ ಕಾಯಲು ಮಾಳದಲ್ಲಿ ರಾತ್ರಿ ಕಳೆದ. ಗದ್ದೆಗೆ ಬರುತ್ತೇನೆಂದು ಶಾಲೆ ತಪ್ಪಿಸಿದ ತಮ್ಮನನ್ನು ಕಿವಿ ಹಿಡಿದು ವಾಪಸು ಕಳಿಸಿದ್ದುಂಟು: “ಗದ್ದೆ ಮುಳುಗ್ತದೆ ಕಣೋ, ಓದಿದ್ದು ಮುಳುಗಲ್ಲ. ನಡಿ!” ಆ ತಮ್ಮ ಮೇಷ್ಟ್ರಾದ. ಇನ್ನೊಬ್ಬ ಭದ್ರಾವತಿಯ ಕಬ್ಬಿಣದ ಕಾರ್ಖಾನೆ ಸೇರಿದ. ತಂಗಿಯ ಮದುವೆಯಾದ ಮೇಲೆಯೇ ದೊಡ್ಡಣ್ಣನ ಮದುವೆ.

ಆತನಿಗೆ ಹಟವೂ ಇತ್ತು. ಬರುವಾಗ ಹಳೆಯ ಮನೆಯ ಅಪ್ಪೆಮಿಡಿ ಮರದ ವಾಟೆಗಳನ್ನು ಚೀಲದಲ್ಲಿ ತಂದಿದ್ದ. ಒಂದು ಮರವಾಯಿತು, ಕಾಯೂ ಬಿಟ್ಟಿತು; ಆದರೆ ಆ ಪರಿಮಳವಿಲ್ಲ. ಅಮ್ಮ ಮಿಡಿ ಮುರಿದು ಮೂಸಿ ಸುಮ್ಮನಾದರಂತೆ. ವಾಟೆಯಿಂದ ಹುಟ್ಟಿದ ಮಾವು ತಾಯಿಮರದಂತೆಯೇ ಆಗಬೇಕೆಂದಿಲ್ಲ. ಹೂವಿಗೆ ಬಿದ್ದ ಪರಾಗ ಬೇರೆ ಮರದ್ದಾದರೆ ಗುಣವೂ ಬೆರಕೆಯಾಗುತ್ತದೆ. ತಾಯಿಯ ಗುಣವೇ ಬೇಕಾದರೆ ಕಸಿ ಕಟ್ಟಬೇಕು. ಇದನ್ನು ದೊಡ್ಡಣ್ಣನಿಗೆ ತಿಳಿಸಿದ್ದು ಮೇಷ್ಟ್ರಾಗಿದ್ದ ತಮ್ಮನೇ.

ಹಳೆಯ ಮರ ನೀರಿನಡಿ. ಆದರೆ ನೆರೆಮನೆಯವರ ದಿಬ್ಬದ ಮೇಲೆ ಅದೇ ಜಾತಿಯ, ಅದೇ ಪರಿಮಳದ ಒಂದು ಮರ ಉಳಿದಿತ್ತು. ದೊಡ್ಡಣ್ಣ ಬಸ್ಸು ಹಿಡಿದು, ಹೊಳೆಬಾಗಿಲಿನಲ್ಲಿ ಲಾಂಚ್ ದಾಟಿ, ಕಡ್ಡಿಗಳನ್ನು ಒದ್ದೆ ಬಾಳೆಪಟ್ಟೆಯಲ್ಲಿ ಸುತ್ತಿ ತಂದ. (2025ರ ಜುಲೈಯಿಂದ ಅಲ್ಲಿ ಸೇತುವೆಯೇ ಇದೆ.) ತನ್ನ ಮರವನ್ನು ಸವರಿ, ಹೊಸ ಚಿಗುರುಗಳಿಗೆ ಕಸಿ ಕಟ್ಟಿದ. ಮೊದಲ ವರ್ಷ ಎಲ್ಲವೂ ಒಣಗಿದವು. ಮರುವರ್ಷ ಮತ್ತೆ ಹೋದ. ಎರಡು ಕಚ್ಚಿಕೊಂಡವು. ಅದರ ಮಿಡಿ ಭರಣಿಗೆ ಬೀಳುವಾಗ ಅಮ್ಮ ಇನ್ನೂ ಇದ್ದರು.

ಶರಾವತಿ ವಿದ್ಯುದಾಗಾರದ ಸಾಮರ್ಥ್ಯ 1,035 ಮೆಗಾವಾಟ್. ಅದಕ್ಕಾಗಿ ಮನೆ ಬಿಟ್ಟ ಈ ಕುಟುಂಬ ವರ್ಷಗಟ್ಟಲೆ ಚಿಮಣಿ ದೀಪದಲ್ಲೇ ಓದಿತು. ಭೂಮಿಯ ಹಕ್ಕಂತೂ ಇನ್ನೂ ತೂಗಾಡುತ್ತಿದೆ. 1980ರ ಅರಣ್ಯ ಸಂರಕ್ಷಣಾ ಕಾಯ್ದೆಯ ನಂತರ ಅರಣ್ಯಭೂಮಿ ಬಿಡಿಸಲು ಕೇಂದ್ರದ ಒಪ್ಪಿಗೆ ಬೇಕು. ಅದಿಲ್ಲದೆ ರಾಜ್ಯ ಹೊರಡಿಸಿದ್ದ ಆದೇಶಗಳನ್ನು 2021ರಲ್ಲಿ ಹೈಕೋರ್ಟ್ ರದ್ದುಮಾಡಿತು. ಕಾಡು ಉಳಿಯಬೇಕೆಂಬುದು ಸರಿಯೇ. ಆದರೆ ಇವರು ತಾವಾಗಿ ಕಾಡಿಗೆ ನುಗ್ಗಿದವರಲ್ಲ.

ಎಂಬತ್ತರ ಗಡಿ ಬಹು ಹಿಂದೆಯೇನೂ ಬಿಟ್ಟಿರದ ದೊಡ್ಡಣ್ಣ ಈಗಲೂ ಪ್ಲಾಸ್ಟಿಕ್ ಚೀಲದಲ್ಲಿ ಹಳೆಯ ರಸೀದಿಗಳನ್ನಿಟ್ಟುಕೊಂಡು ಕಚೇರಿಗೆ ಹೋಗುತ್ತಾರೆ. ಅರ್ಜಿ ಬರೆಯುವವರು ನಿವೃತ್ತ ಮೇಷ್ಟ್ರಾದ ತಮ್ಮ. “ನಮಗೆ ಪಾಲು ಬೇಡ ದೊಡ್ಡಣ್ಣ, ನಿನ್ನ ಹೆಸರೊಂದೇ ಸಾಕು” ಎಂದರೆ ಕೇಳುವುದಿಲ್ಲ. ತಂಗಿಯದೂ ಸೇರಿ ನಾಲ್ಕು ಹೆಸರು ಬರೆಸಿ, ಕನ್ನಡಕ ಏರಿಸಿ ಒಂದೊಂದಾಗಿ ಓದಿ ನೋಡಿಯೇ ರುಜು ಹಾಕುತ್ತಾರೆ.