ನೀರಿನ ಮೇಲೊಂದು ಗುರುತು

ಚನ್ನಪಟ್ಟಣದ ಹತ್ತಿರ ಕಣ್ವ ಜಲಾಶಯದ ದಂಡೆ ಮೇಲೆ ಒಂದು ಬೆಳಿಗ್ಗೆ ನಿಂತಿದ್ದೆವು. ನೀರಿನ ಮೇಲೆ ಸಾಲಾಗಿ ಹವಾಯಿ ಚಪ್ಪಲಿಯ ತುಂಡುಗಳು, ನಡುವೆ ಒಂದೆರಡು ಖಾಲಿ ಬಾಟಲಿ. ಪ್ರವಾಸಿಗರು ಎಸೆದ ಕಸ ಅಂದುಕೊಂಡು ನಮ್ಮಲ್ಲೊಬ್ಬರು ಫೋಟೊ ತೆಗೆದು, ಸುದ್ದಿಗೆ ಹೆಡ್ಡಿಂಗ್ ಕೂಡ ಯೋಚಿಸಿಬಿಟ್ಟಿದ್ದರು. ತೆಪ್ಪದಿಂದ ಇಳಿಯುತ್ತಿದ್ದ ಮೀನುಗಾರರೊಬ್ಬರು ನಕ್ಕರು. “ಕಸ ಅಲ್ಲ ಕಣ್ರಪ್ಪ, ಬಲೆ ಬೆಂಡು. ಅದಿಲ್ದಿದ್ರೆ ಬಲೆ ಎಲ್ಲಿ ಬಿಟ್ಟಿದ್ದೀನಿ ಅಂತ ನಂಗೇ ಗೊತ್ತಾಗಲ್ಲ.”

ಆ ಸುದ್ದಿ ಬರೆಯಲಿಲ್ಲ. ಬೆಂಡು ಮಾತ್ರ ತಲೆಯಲ್ಲಿ ಉಳಿಯಿತು.

ಬೆಂಡು ನಮಗೇನೂ ಹೊಸದಲ್ಲ. ಹಿರಿಯರು ಬೆನ್ನಿಗೆ ಒಣಗಿದ ಸೋರೆ ಬುರುಡೆ ಕಟ್ಟಿಕೊಂಡು ಬಾವಿಯಲ್ಲಿ ಈಜು ಕಲಿತವರು. ನಮ್ಮ ಕಾಲಕ್ಕೆ ಬುರುಡೆ ಹೋಗಿ ಪ್ಲಾಸ್ಟಿಕ್ ಕ್ಯಾನ್ ಬಂದಿತ್ತು. ಸಮುದ್ರದಲ್ಲಿ ಇದೇ ಬೆಂಡು ದೊಡ್ಡದಾಗಿ, ತಳದ ಭಾರಕ್ಕೆ ಸರಪಳಿ ಕಟ್ಟಿಸಿಕೊಂಡು ‘ಬಾಯ್’ ಅನ್ನಿಸಿಕೊಳ್ಳುತ್ತದೆ (ಹುಡುಗ ಅಂತಲ್ಲ, ಸ್ಪೆಲ್ಲಿಂಗ್ ಬೇರೆ). ಬಂದರಿಗೆ ಬರುವ ಹಡಗಿಗೆ ಎಡಕ್ಕೆ ಕೆಂಪು, ಬಲಕ್ಕೆ ಹಸಿರು ಬಾಯ್ ಇರುತ್ತವೆ. ಅವುಗಳ ನಡುವೆ ಹೋದರೆ ಹಡಗಿಗೆ ಬೇಕಾದಷ್ಟು ಆಳ ಸಿಗುತ್ತದೆ. ನಮ್ಮ ಮಂಗಳೂರಿಗೂ ಇದೇ ಲೆಕ್ಕ. ಅಮೆರಿಕ, ಜಪಾನಿನಲ್ಲಿ ಬಣ್ಣ ಅದಲುಬದಲು. ಕಪ್ಪು ಮೈಗೆ ಕೆಂಪು ಪಟ್ಟಿ, ತಲೆ ಮೇಲೆ ಎರಡು ಕಪ್ಪು ಗುಂಡು ಇದ್ದರೆ ಕೆಳಗೆ ಬಂಡೆಯೋ ಮುಳುಗಿದ ಹಡಗೋ ಅಡಗಿದೆ ಎಂದರ್ಥ. ಯಾವ ದೇಶದ ನಾವಿಕನಾದರೂ ನೋಡಿದ ಕೂಡಲೇ ದೂರ ಸರಿಯುತ್ತಾನೆ.

ಸಮುದ್ರವೇ ಇಲ್ಲದ ಬೆಂಗಳೂರು ದಕ್ಷಿಣ (ಹಿಂದಿನ ರಾಮನಗರ) ಜಿಲ್ಲೆಗೆ ಇದೆಲ್ಲ ಯಾಕೆ ಅಂತೀರಾ? ಮಾಗಡಿಯ ಮಂಚನಬೆಲೆಯಲ್ಲಿ, ಕನಕಪುರದ ಸಂಗಮ, ಮೇಕೆದಾಟಿನಲ್ಲಿ ನೀರಿಗಿಳಿದವರು ಜೀವ ಕಳೆದುಕೊಂಡ ಸುದ್ದಿ ಮತ್ತೆ ಮತ್ತೆ ಓದುತ್ತೇವೆ. ‘ಈಜಬೇಡಿ’ ಅನ್ನೋ ಬೋರ್ಡು ದಡದಲ್ಲಿರುತ್ತದೆ. ಆಳ ಶುರುವಾಗುವುದು ನೀರಿನೊಳಗೆ.

ನಮ್ಮೂರ ಕೆರೆಯ ಕಥೆಯೂ ಅದೇ. ಬೇಸಿಗೆಯಲ್ಲಿ ಜೆಸಿಬಿ ಬಂದು ಗೋಡುಮಣ್ಣು ಬಗೆದು ಹೋಗುತ್ತದೆ. ಮಳೆ ಬಿದ್ದ ಮೇಲೆ ಹಳ್ಳ, ದಿಣ್ಣೆ ಎಲ್ಲ ಒಂದೇ ಸಮ. ಮೊಣಕಾಲುದ್ದ ನೀರಲ್ಲಿ ನಡೆಯುತ್ತಿದ್ದವರು ಮುಂದಿನ ಹೆಜ್ಜೆಗೆ ಮುಳುಗುತ್ತಾರೆ. ಎರಡು ವರ್ಷದ ಹಿಂದೆ ಎಮ್ಮೆ ಮೈ ತೊಳೆಯಲು ಹೋದ ಏಳನೇ ಕ್ಲಾಸಿನ ಹುಡುಗ ಹೀಗೇ ಹೋದ. ಅವನಿಗೆ ಕೆರೆ ಚೆನ್ನಾಗಿ ಗೊತ್ತಿತ್ತು. ಆದರೆ ಗೊತ್ತಿದ್ದದ್ದು ಹಿಂದಿನ ವರ್ಷದ ಕೆರೆ. ಆ ಬೇಸಿಗೆಯಲ್ಲಿ ನಮ್ಮಲ್ಲಿ ಇಬ್ಬರ ಮನೆಯವರೂ ಅದೇ ಹಳ್ಳದಿಂದ ಟ್ರ್ಯಾಕ್ಟರ್‌ನಲ್ಲಿ ಹೊಲಕ್ಕೆ ಮಣ್ಣು ಹೊಡೆಸಿದ್ದರು. ಇದನ್ನು ಬರೆಯದೆ ಬಿಟ್ಟರೆ ಸುಳ್ಳಾಗುತ್ತದೆ.

ಕಣ್ವದಿಂದ ಬಂದ ಮೇಲೆ, ಕೆರೆ ಒಣಗಿದ್ದಾಗಲೇ ಹಳ್ಳದ ಅಂಚಿಗೆ ಐದು ಕಲ್ಲು ಹೂತು, ಹಗ್ಗದಲ್ಲಿ ಐದು ಲೀಟರಿನ ಎಣ್ಣೆ ಕ್ಯಾನ್ ಕಟ್ಟಿ, ಕೆಂಪು ಪೇಂಟ್ ಬಳಿದೆವು. ಹೆಮ್ಮೆಯಿಂದ ಸೆಲ್ಫಿಯನ್ನೂ ತೆಗೆದುಕೊಂಡೆವು. ಒಳ್ಳೆ ಮಳೆಯಾಗಿ ಕೆರೆ ಏರಿತು. ಬೆಳಿಗ್ಗೆ ನೋಡಿದರೆ ಒಂದು ಕ್ಯಾನೂ ಇಲ್ಲ! ಕಳವಾಗಿರಲಿಲ್ಲ. ನಾವು ಆಳುದ್ದ ಹಗ್ಗ ಬಿಟ್ಟಿದ್ದೆವು, ನೀರು ಅದಕ್ಕಿಂತ ಮೇಲೆ ಬಂದಿತ್ತು. ಕ್ಯಾನ್‌ಗಳು ನೀರೊಳಗೇ ನಿಂತಿದ್ದವು. ಕೆರೆ ಕೋಡಿ ಬಿದ್ದಾಗ ಆ ಜಾಗದಲ್ಲಿ ಎಷ್ಟು ನೀರಿರುತ್ತದೋ ಅದಕ್ಕಿಂತ ಹಗ್ಗ ಉದ್ದ ಇರಬೇಕು. ನೀರು ಇಳಿದಾಗ ಕ್ಯಾನ್ ಸ್ವಲ್ಪ ಅತ್ತಿತ್ತ ಹೋಗುತ್ತದೆ, ಆದ್ದರಿಂದ ಕಲ್ಲನ್ನು ಹಳ್ಳದ ಅಂಚಿನಿಂದ ಒಂದಷ್ಟು ಈಚೆಗೇ, ದಡದ ಕಡೆ ಹೂಳುವುದು ಒಳ್ಳೆಯದು. ಮುಚ್ಚಳದ ಮೇಲೆ ಸೈಕಲ್ ಟ್ಯೂಬ್ ಬಿಗಿದರೆ ನೀರು ಒಳಗೆ ಹೋಗಲ್ಲ.

ಇದು ಗುರುತು ಅಷ್ಟೇ, ಹಿಡಿದು ಈಜೋಕಲ್ಲ ಅಂತ ಸ್ಕೂಲ್ ಮಕ್ಕಳಿಗೆ ಹೇಳಿದ್ದೇವೆ. ಹಗ್ಗ ಕಟ್ಟಿದ ಇನ್ನೊಂದು ದೊಡ್ಡ ಖಾಲಿ ಕ್ಯಾನ್ ದಂಡೆಯ ಅರಳಿ ಮರಕ್ಕೆ ನೇತು ಹಾಕಿದ್ದೇವೆ. ಯಾರಾದರೂ ಮುಳುಗುತ್ತಿದ್ದರೆ ಈಜು ಬರದವರು ಹಾರುವುದು ಬೇಡ, ಅದನ್ನು ಎಸೆಯಲಿ ಅಂತ.

ಈ ವರ್ಷ ಹಗ್ಗ ಬದಲಿಸಿ ಮತ್ತೆ ಕಟ್ಟಿದೆವು. ಐದರಲ್ಲಿ ಒಂದನ್ನು ಯಾರೋ ಬಿಚ್ಚಿಕೊಂಡು ಹೋಗಿದ್ದಾರೆ. ಹುಡುಗನ ಅಜ್ಜಿ ನಾವು ಕೇಳುವ ಮೊದಲೇ ಮನೆಯಿಂದ ಒಂದು ಖಾಲಿ ಕ್ಯಾನ್ ತಂದು ಕೊಟ್ಟರು. ಪೇಂಟ್ ಇನ್ನೂ ಒಣಗಿಲ್ಲ, ಭಾನುವಾರ ಕಟ್ಟುತ್ತೇವೆ.