ಅಘನಾಶಿನಿಯ ದಂಡೆಯಲ್ಲಿ

17 ಜನವರಿ 2026, ಹೆಗ್ಗರಣೆ

ಉಂಚಳ್ಳಿ ಜಲಪಾತ ನೋಡಿ ಬಂದೆ. ಮಳೆಗಾಲದ ಅಬ್ಬರ ಈಗಿಲ್ಲ, ಬಂಡೆಯ ಮೈ ಕಾಣುತ್ತಿದೆ. ಆದರೂ 116 ಮೀಟರ್ ಮೇಲಿನಿಂದ ಬೀಳುವ ನೀರಿನ ಸದ್ದು ಕಣಿವೆಯನ್ನೆಲ್ಲ ತುಂಬುತ್ತದೆ. ಪಕ್ಕದ ಶರಾವತಿಗೆ ಲಿಂಗನಮಕ್ಕಿ, ಕಾಳಿಗೆ ಸೂಪಾ. ಶಿರಸಿಯ ಶಂಕರ ಹೊಂಡದಿಂದ ಹೊರಟ ಈ ಹೊಳೆಗೆ ಮಾತ್ರ ಕಡಲು ಸೇರುವವರೆಗೂ ದೊಡ್ಡ ಅಣೆಕಟ್ಟೆಯಿಲ್ಲ. ಅದಕ್ಕೇ ಇದನ್ನು ತುದಿಯವರೆಗೆ ನೋಡಬೇಕೆನಿಸಿದ್ದು.

18 ಜನವರಿ, ಕುಮಟಾ

ದಾರಿಯಲ್ಲಿ ಮಿರ್ಜಾನ್ ಕೋಟೆ. ರಾಣಿ ಚೆನ್ನಭೈರಾದೇವಿಯ ಕಾಲದ ಕಾಳುಮೆಣಸಿನ ವ್ಯಾಪಾರ ನೆನೆಯುತ್ತ ಒಂದು ಸುತ್ತು ಹಾಕಿದೆ. ಹೆಚ್ಚು ಹೊತ್ತು ನಿಲ್ಲಲಿಲ್ಲ, ಅಮಾವಾಸ್ಯೆಯ ಇಳಿತ ತಪ್ಪಿಹೋಗುತ್ತಿತ್ತು.

ಸಂಜೆ ನೀರು ಇಳಿದದ್ದೇ ಅಳಿವೆಯ ತುಂಬ ಜನ. ಸೊಂಟದುದ್ದ ನೀರಲ್ಲಿ ನಿಂತು, ಕಾಲಲ್ಲಿ ತಡವಿ, ಬಗ್ಗಿ ಬಳಚು ಎಂಬ ಚಿಪ್ಪುಮೀನು ಹೆಕ್ಕುತ್ತಾರೆ. ಬಲೆ ಬೇಡ, ಬಂಡವಾಳ ಬೇಡ. ದಡಕ್ಕೆ ಬಂದ ಅಮ್ಮನೊಬ್ಬರನ್ನು ಮಳೆಗಾಲದ ಬಗ್ಗೆ ಕೇಳಿದೆ. "ಸಿಹಿನೀರು ಬರಬೇಕು ತಂಗಿ, ಉಪ್ಪೂ ಬರಬೇಕು. ಎರಡೂ ಇದ್ರೇ ಹೊಳೆ," ಎಂದರು. ಬುಟ್ಟಿ ಎತ್ತಿಕೊಳ್ಳಲು ಕೈ ಕೊಟ್ಟೆ. ಅಬ್ಬಾ, ಎಂಥ ಭಾರ!

19 ಜನವರಿ, ಮಾಣಿಕಟ್ಟಾ

ಗಜನಿಯ, ಅಂದರೆ ಅಳಿವೆಯಂಚಿನ ಉಪ್ಪುಗದ್ದೆಯ, ಒಡ್ಡಿನ ಮೇಲೆ ನಡೆದೆ. ಮಳೆಗಾಲದಲ್ಲಿ ಇಲ್ಲಿ ಕಗ್ಗ ಬೆಳೆಯುತ್ತದೆ. ಉಪ್ಪು ತಡೆಯುವ, ನೆರೆಯಲ್ಲಿ ಮುಳುಗಿದರೂ ಕೊಳೆಯದ ಎತ್ತರದ ಭತ್ತ. ಮಳೆಯ ಹೊಳೆನೀರು ಮಣ್ಣಿನ ಉಪ್ಪನ್ನು ತೊಳೆದ ಮೇಲೆಯೇ ಬಿತ್ತನೆ. ಕೊಯ್ಲಾದ ಮೇಲೆ ಭರತದ ನೀರನ್ನು ಒಳಬಿಡುತ್ತಾರೆ, ಅದರೊಡನೆ ಸಿಗಡಿ, ಮೀನು ಬರುತ್ತವೆ. ಗೊಬ್ಬರ ಹಾಕುವ ಮಾತೇ ಇಲ್ಲ. ಒಂದೇ ಗದ್ದೆ ಆರು ತಿಂಗಳು ಹೊಳೆಯದು, ಆರು ತಿಂಗಳು ಕಡಲಿನದು.

20 ಜನವರಿ, ತದಡಿ

ಅಘನಾಶಿನಿಯ ನೀರನ್ನು ಘಟ್ಟದ ಮೇಲೆಯೇ ತಡೆದು ಬಯಲುಸೀಮೆಯ ವೇದಾವತಿ ನದಿಗೆ ಒಯ್ಯುವ ಯೋಜನೆಯ ಮಾತು ಬಿಡದೆ ನಡೆದಿದೆ. ಸಮುದ್ರಕ್ಕೆ ಸುಮ್ಮನೆ ಹರಿದುಹೋಗುವ ನೀರು ಎಂಬುದೇ ಅದರ ಸಮರ್ಥನೆ. ಬಯಲುಸೀಮೆಯ ಬಾಯಾರಿಕೆ ಸುಳ್ಳಲ್ಲ, ಅದನ್ನು ನಾನು ಹಗುರಾಗಿ ಕಾಣಲಾರೆ. ಆದರೆ ಸುಮ್ಮನೆ ಹರಿದುಹೋದದ್ದು ಯಾವ ನೀರು? ಕಗ್ಗದ ಬುಡ ತೊಳೆದದ್ದೋ, ಬಳಚಿಗೆ ಹದ ಕೊಟ್ಟದ್ದೋ? 2024ರ ಜನವರಿಯಲ್ಲಿ ಇದೇ ಅಳಿವೆಯ 4,801 ಹೆಕ್ಟೇರ್ ಮಹತ್ವದ ಜೌಗುಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಸೇರಿತು. ಮೇಲಿನ ನೀರನ್ನು ತಿರುಗಿಸಿ ಕೆಳಗಿನ ಜೌಗನ್ನು ಕಾಯುವುದು ಹೇಗೆ? ಯೋಜನೆ ಬರೆಯುವವರು ಒಂದು ಇಳಿತದ ಹೊತ್ತಾದರೂ ಇಲ್ಲಿ ಬಂದು ನಿಲ್ಲಬೇಕು.

ನಾಳೆ ದಿವಗಿಯ ಕಡೆ ಹೋಗುವುದು. ಬೇಸಿಗೆಯಲ್ಲಿ ಉಪ್ಪುನೀರು ಎಲ್ಲಿಯವರೆಗೆ ಏರುತ್ತದೆಂದು ಬಾವಿ ಇರುವ ಮನೆಗಳಲ್ಲಿ ಕೇಳಬೇಕು.