ಸೊಟ್ಟ ಬೀದಿಯ ಸೊಗಸು

ನಮ್ಮ ಬಡಾವಣೆ ವಿನೋಬನಗರದಲ್ಲಿ ರಸ್ತೆಗಳನ್ನು ಗುರುತಿಸುವುದು ಅಡಿ ಲೆಕ್ಕದಲ್ಲಿ: 60 ಅಡಿ ರಸ್ತೆ, 100 ಅಡಿ ರಸ್ತೆ. ಅಗಲ ಹೇಳಿದರೆ ಆಟೋದವನಿಗೆ ವಿಳಾಸ ಹೇಳಿದಂತೆಯೇ. ಏರೆಷ್ಟು, ಇಳಿಜಾರೆಷ್ಟು ಎಂದು ಯಾರೂ ಕೇಳುವುದಿಲ್ಲ. ಅದೇನಿದ್ದರೂ ತೀರ್ಥಹಳ್ಳಿ ದಾಟಿ ಆಗುಂಬೆಯಲ್ಲಿ ನೋಡಬೇಕಾದ ಸಂಗತಿ. ಹೀಗಾಗಿ ಅಮೆರಿಕದಲ್ಲಿರುವ ಮಗ ಸ್ಯಾನ್ ಫ್ರಾನ್ಸಿಸ್ಕೊಗೆ ಕರೆದೊಯ್ಯುತ್ತಾ, “ಲೊಂಬಾರ್ಡ್ ಸ್ಟ್ರೀಟ್ ಅಮ್ಮ, ಪ್ರಪಂಚದಲ್ಲೇ ಅತಿ ಸೊಟ್ಟ ಬೀದಿ ಅಂತಾರೆ” ಎಂದಾಗ ನನ್ನವಳು ಕೇಳಿದ್ದು ಒಂದೇ: “ನಿಂಬೆಹಣ್ಣು ಇಟ್ಕೊಂಡಿದ್ದೀಯೇನೋ?”

ಆ ಊರೇ ಗುಡ್ಡಗಳ ಮೇಲೆ ನೇರ ಗೆರೆ ಎಳೆದು ಕಟ್ಟಿದ್ದು. ಗುಡ್ಡ ಬಂತೆಂದು ಬೀದಿ ಪಕ್ಕಕ್ಕೆ ಸರಿಯುವುದಿಲ್ಲ, ಎದೆಯ ಮೇಲೇ ಹತ್ತುತ್ತದೆ. ಕುದುರೆಗಾಡಿಗಳು ಏದುಸಿರು ಬಿಡುತ್ತಿದ್ದ ಇಂಥ ಏರಿಗೆ 1873ರಲ್ಲಿ ಆಂಡ್ರ್ಯೂ ಹ್ಯಾಲಿಡಿ ಎಂಬಾತ ಉಪಾಯ ಮಾಡಿದ. ರಸ್ತೆಯಡಿ ಸದಾ ಓಡುವ ಉಕ್ಕಿನ ಹಗ್ಗ. ಅದನ್ನು ಕಚ್ಚಿ ಹಿಡಿದು ಬಂಡಿ ಮೇಲೇರುತ್ತದೆ. ಕೇಬಲ್ ಕಾರು ಇವತ್ತಿಗೂ ಓಡುತ್ತಿದೆ. ಅದರಲ್ಲೇ ಹೋಗಿ ಹೈಡ್ ಬೀದಿಯ ನೆತ್ತಿಯಲ್ಲಿ ಇಳಿದೆವು.

ಕೆಳಗೆ ಬಗ್ಗಿ ನೋಡಿದರೆ ಕೆಂಪು ಇಟ್ಟಿಗೆಯ ದಾರಿ, ಇಕ್ಕೆಲದಲ್ಲಿ ಹೈಡ್ರಾಂಜಿಯಾ ಹೂಪೊದೆ, ನಡುವೆ ಆಮೆಗತಿಯ ಕಾರುಗಳು. ಇರುವುದು ಒಂದೇ ಒಂದು ಬ್ಲಾಕು, ತಿರುವು 8. ಮೊದಲು ಇದೂ ನೆಟ್ಟಗೇ ಇತ್ತು. ನೂರು ಅಡಿ ಮುಂದೆ ಹೋದರೆ 27 ಅಡಿ ಇಳಿಯುವಷ್ಟು ಕಡಿದು. ಆಗಿನ ಕಾರುಗಳಿಗೆ ಹತ್ತಲಾಗದ ಏರು. ಕಾರು ಬಾರದ ಬೀದಿಯಲ್ಲಿ ಮನೆಗೆ ಬೆಲೆಯೆಲ್ಲಿ? ಅಲ್ಲೇ ಆಸ್ತಿಯಿದ್ದ ಕಾರ್ಲ್ ಹೆನ್ರಿ ರಸ್ತೆಯನ್ನು ತಿರುಚುವ ಸಲಹೆ ಕೊಟ್ಟ. 1922ರಲ್ಲಿ ಎಂಟು ತಿರುವು ಬಂದವು. ದಾರಿ ಉದ್ದವಾಯಿತು, ಇಳಿಜಾರು ನೂರಕ್ಕೆ 16ಕ್ಕೆ ತಗ್ಗಿತು.

ಆಗುಂಬೆಯ 14 ತಿರುವುಗಳದ್ದೂ ಇದೇ ಲೆಕ್ಕ. ಆದರೆ ಅಲ್ಲಿ ನಾವು ಕಣ್ಣುಮುಚ್ಚಿ ಕೂತು, ಘಾಟಿ ಬುಡದ ಸೋಮೇಶ್ವರ ಯಾವಾಗ ಬರುತ್ತದೋ ಎಂದು ತಿರುವು ಎಣಿಸಿದವರು. ದೊಡ್ಡ ಬಸ್ಸು ತಿರುಗಲಾಗದೆ ಮಿನಿ ಬಸ್ಸುಗಳೇ ಓಡುವ ಘಾಟಿ. ಮೇಲೇರುವ ಗಾಡಿಗೆ ಇಳಿಯುವವನು ದಾರಿ ಬಿಡಬೇಕು. ಇಲ್ಲಿ ಇಳಿಯುವುದಷ್ಟೇ, ಹತ್ತುವಂತಿಲ್ಲ. ವೇಗದ ಮಿತಿ ಗಂಟೆಗೆ 5 ಮೈಲಿ. ನಾವು ಪಕ್ಕದ ಮೆಟ್ಟಿಲಲ್ಲಿ ನಿಧಾನಕ್ಕೆ ಇಳಿದರೂ ಒಂದು ಬಿಳಿ ಕಾರು ನಮಗಿಂತ ಹಿಂದೆಯೇ ಉಳಿಯಿತು. ಕಾಲ್ನಡಿಗೆಯಲ್ಲೇ ಊರೂರು ಸುತ್ತಿ ಭೂದಾನ ಬೇಡಿದ ವಿನೋಬಾ ಭಾವೆಯವರ ಹೆಸರಿನ ಬಡಾವಣೆಯವರು ನಾವು. ನಡಿಗೆಯಲ್ಲಿ ಗೆದ್ದದ್ದಕ್ಕೆ ಒಳಗೊಳಗೇ ಹೆಮ್ಮೆ.

ಪಾಪ ಅನ್ನಿಸಿದ್ದು ಆ ಮನೆಗಳವರನ್ನು ಕಂಡು. ತಮ್ಮ ಕಾರು ಮನೆ ಮುಟ್ಟಲೆಂದು ರಸ್ತೆ ಬಗ್ಗಿಸಿಕೊಂಡರು. ಈಗ ಊರವರ ಕಾರೆಲ್ಲ ಬಂದು, ತಮ್ಮದನ್ನು ಗ್ಯಾರೇಜಿನಿಂದ ಹೊರತೆಗೆಯಲು ಸಮಯ ಕಾಯಬೇಕು. ಬರುವ ಕಾರುಗಳಿಗೆ ಶುಲ್ಕ ಹಾಕಲು ಅನುವಾಗುವ ಮಸೂದೆಯೊಂದು ಕ್ಯಾಲಿಫೋರ್ನಿಯಾ ಶಾಸನಸಭೆಯನ್ನೂ ದಾಟಿತ್ತು. 2019ರಲ್ಲಿ ಗವರ್ನರ್ ಅದಕ್ಕೆ ಸಹಿ ಹಾಕಲಿಲ್ಲ. ಸಾರ್ವಜನಿಕ ಬೀದಿ ಹಣವಿದ್ದವರ ಪಾಲಾಗಬಾರದೆಂಬುದು ಅವರ ತಕರಾರು.

ಬುಡಕ್ಕೆ ಬಂದು ಫೋಟೋ ತೆಗೆಸಿಕೊಂಡ ಮೇಲೆ ಇವಳಿಗೆ ಸಂಶಯ. “ಎಂಟಕ್ಕೇ ಇಷ್ಟು ಜಾತ್ರೆಯೇನೋ? ನಮ್ಮ ಘಾಟೀಲಿ ಹದಿನಾಲ್ಕಿದೆಯಲ್ಲ!”

“ಅಲ್ಲಿ ಯಾರೂ ಹೂವು ನೆಟ್ಟಿಲ್ಲ ಅಮ್ಮ.”

“ನೆಡೋದೂ ಬೇಡ,” ಎಂದಳು. “ಆಮೇಲೆ ಉಡುಪಿಗೆ ಹೋಗೋರು ಯಾವ ಕಡೆಯಿಂದ ಹೋಗ್ಬೇಕು?”